ಹಳೆಯ ಬಿಡಿಭಾಗವನ್ನು ಗುಜರಿಗೆ ಹಾಕುವ ಮುನ್ನ: 1966ರ ಮಸ್ಟಾಂಗ್ ಜೊತೆ ನನ್ನ ಅನುಭವ

ಅಮೆರಿಕದಲ್ಲಿ ಹಳೆಯ ಕಾರು ಇಟ್ಟುಕೊಂಡವರಿಗೆ ಬಿಡಿಭಾಗಗಳ ಬರ ಇಲ್ಲ. 1966ರ ಫೋರ್ಡ್ ಮಸ್ಟಾಂಗಿಗಂತೂ ಬಾಗಿಲಿನ ಹಿಡಿಕೆಯಿಂದ ತೊಡಗಿ ಇಡೀ ಉಕ್ಕಿನ ಬಾಡಿಯ ತನಕ ಎಲ್ಲವೂ ಹೊಸದಾಗಿ ತಯಾರಾಗಿ ಸಿಗುತ್ತದೆ. ಆ ಒಂದೇ ವರ್ಷದ ಮಾದರಿಯಲ್ಲಿ ಆರು ಲಕ್ಷಕ್ಕೂ ಹೆಚ್ಚು ಕಾರು ಹೊರಬಂದಿದ್ದವು. ಹಾಗಾಗಿ ನಕಲು ಭಾಗ ತಯಾರಿಸುವವರಿಗೆ ಇಂದಿಗೂ ಗಿರಾಕಿಗಳಿದ್ದಾರೆ. ತೊಂದರೆ ಇರುವುದು ಅಲ್ಲಿಯೇ. ಸುಲಭವಾಗಿ ಸಿಗುತ್ತದೆ ಎಂಬ ಕಾರಣಕ್ಕೆ, ಕೆಟ್ಟಿದೆಯೋ ಇಲ್ಲವೋ ಎಂದು ನೋಡುವ ಮೊದಲೇ, ಅರುವತ್ತು ವರ್ಷ ದುಡಿದ ಭಾಗವನ್ನು ಕಿತ್ತೆಸೆದು ಒಂದು ಬೇಸಿಗೆಯೂ ಬಾಳದ ಹೊಸದನ್ನು ಕೂರಿಸುವವರನ್ನು ಬೇಕಾದಷ್ಟು ನೋಡಿದ್ದೇನೆ. ನಾನು ಪಾಲಿಸುವ ಕ್ರಮ ಬೇರೆ. ಮೂಲ ಭಾಗವನ್ನು ಬಿಚ್ಚಿ, ತೊಳೆದು, ಅಳೆದು, ಇನ್ನು ದುರಸ್ತಿ ಸಾಧ್ಯವಿಲ್ಲ ಎಂದು ಖಚಿತವಾದ ಮೇಲೆಯೇ ಬದಲಿಸುತ್ತೇನೆ. ಬ್ರೇಕು ಮತ್ತು ರಬ್ಬರ್ ಮಾತ್ರ ಇದಕ್ಕೆ ಹೊರತು. ಅವುಗಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕಾರು ಯಾವುದೆಂದು ತಿಳಿಯಬೇಕು. ಮಾರುವವರ ಮಾತಿಗಿಂತ ಲೋಹದ ಮೇಲೆ ಒತ್ತಿದ ಸಂಖ್ಯೆ ಹೆಚ್ಚು ನಂಬಿಗಸ್ತ. ಬಾನೆಟ್ ಎತ್ತಿದರೆ ಚಾಲಕನ ಬದಿಯ ಫೆಂಡರಿನ ಒಳಪಟ್ಟಿಯ ಮೇಲೆ ಅದು ಕಾಣುತ್ತದೆ. ನನ್ನ ಕಾರಿನ ಸಂಖ್ಯೆ ‘6ಎಫ್07ಸಿ’ ಎಂದು ಶುರುವಾಗುತ್ತದೆ. 6 ಎಂದರೆ 1966. ಎಫ್ ಎಂದರೆ ನಮ್ಮ ಡೆಟ್ರಾಯಿಟಿನ ಮಗ್ಗುಲಿನ ಡಿಯರ್‌ಬಾರ್ನ್ ಕಾರ್ಖಾನೆ. ಆರ್ ಇದ್ದರೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ, ಟಿ ಇದ್ದರೆ ನ್ಯೂಜೆರ್ಸಿಯ ಮೆಟಚನ್. 07 ಎಂದರೆ ಹಾರ್ಡ್‌ಟಾಪ್ (ಗಟ್ಟಿ ಮಾಡಿನದು), 08 ಕನ್ವರ್ಟಿಬಲ್ (ಮಡಚುವ ಮಾಡಿನದು), 09 ಫಾಸ್ಟ್‌ಬ್ಯಾಕ್ (ಮಾಡು ಹಿಂದಕ್ಕೆ ಇಳಿಜಾರಾದದ್ದು). ಕೊನೆಯ ಸಿ ಎಂದರೆ 289 ಘನ ಇಂಚಿನ ವಿ8 ಎಂಜಿನ್, ಎರಡು ಬ್ಯಾರೆಲಿನ (ಗಾಳಿನಳಿಗೆಯ) ಕಾರ್ಬ್ಯುರೇಟರ್, ಅಂದರೆ ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಭಾಗ. ಆ ಜಾಗದಲ್ಲಿ ಟಿ ಇದ್ದು ಬಾನೆಟ್ ಒಳಗೆ ವಿ8 ಕುಳಿತಿದ್ದರೆ, ಅದು ಆರು ಸಿಲಿಂಡರಿನ ಕಾರಾಗಿ ಹುಟ್ಟಿ ಮುಂದೆ ಎಂಜಿನ್ ಬದಲಿಸಿಕೊಂಡದ್ದು. ಅದೇನೂ ಅಪರಾಧವಲ್ಲ. ಆದರೆ ಚಕ್ರದ ಬೋಲ್ಟುಗಳನ್ನು ಎಣಿಸಿ ನೋಡಿ. ನಾಲ್ಕೇ ಇದ್ದರೆ ಆರು ಸಿಲಿಂಡರ್ ಕಾರಿನ 9 ಇಂಚಿನ ಡ್ರಮ್ ಬ್ರೇಕುಗಳೇ ಇನ್ನೂ ವಿ8ರ ಓಟವನ್ನು ತಡೆಯುತ್ತಿವೆ ಎಂದರ್ಥ. ಕಾರ್ಖಾನೆಯಿಂದ ವಿ8 ಆಗಿಯೇ ಬಂದ ಕಾರಿಗೆ ಐದು ಬೋಲ್ಟ್, 10 ಇಂಚಿನ ಡ್ರಮ್.

ಬಿಡಿಭಾಗಗಳ ಮೇಲಿನ ಸಂಖ್ಯೆಯೂ ಹೀಗೆಯೇ ಮಾತಾಡುತ್ತದೆ. ‘ಸಿ5ಝಡ್‌ಝಡ್’ ಎಂದಿದ್ದರೆ, ಸಿ ಎಂದರೆ ಅರುವತ್ತರ ದಶಕ, 5 ಎಂದರೆ 1965, ಮೊದಲ ಝಡ್ ಮಸ್ಟಾಂಗಿನದು. ಆ ಜಾಗದಲ್ಲಿ ಡಿ ಇದ್ದರೆ ಫೋರ್ಡಿನದೇ ಇನ್ನೊಂದು ಕಾರಾದ ಫಾಲ್ಕನ್, ಓ ಇದ್ದರೆ ಫೇರ್‌ಲೇನ್, ಎ ಇದ್ದರೆ ದೊಡ್ಡ ಫೋರ್ಡ್. ನಡುವಿನ ಅಂಕಿಗಳು ಭಾಗದ ಗುರುತು: 9510 ಕಾರ್ಬ್ಯುರೇಟರ್, 8501 ನೀರಿನ ಪಂಪು, 12127 ಡಿಸ್ಟ್ರಿಬ್ಯೂಟರ್ (ಕಿಡಿಯ ವಿದ್ಯುತ್ತನ್ನು ಸಿಲಿಂಡರುಗಳಿಗೆ ಹಂಚುವ ಭಾಗ). ಇದನ್ನು ಬಾಯಿಪಾಠ ಮಾಡಿದರೆ ಜೇಬಿಗೂ ಲಾಭ. ಮಸ್ಟಾಂಗನ್ನು ಕಟ್ಟಿದ್ದೇ ಫಾಲ್ಕನ್ನಿನ ತಳಹದಿಯ ಮೇಲೆ. ‘ಮಸ್ಟಾಂಗ್’ ಎಂಬ ಹೆಸರು ಹೊತ್ತ ಭಾಗಕ್ಕೆ ಕೇಳುವ ಬೆಲೆಯ ಅರ್ಧಕ್ಕೆ ಅದೇ ಕೆಲಸ ಮಾಡುವ ಫಾಲ್ಕನ್ ಭಾಗ ಎಷ್ಟೋ ಸಲ ಸಿಗುತ್ತದೆ. ಎರಕದ ಭಾಗಗಳ ಮೇಲೆ ತಾರೀಖೂ ಇರುತ್ತದೆ: ‘5ಎಂ12’ ಎಂದರೆ 1965ರ ಡಿಸೆಂಬರ್ 12. ತಿಂಗಳಿಗೊಂದು ಅಕ್ಷರ, ಐ ಮಾತ್ರ ಬಿಟ್ಟಿದ್ದಾರೆ. ಅದು ಒಂದರಂತೆ ಕಾಣುತ್ತದಲ್ಲ.

ಇನ್ನು ನನ್ನನ್ನು ಹೆಚ್ಚು ಕಾಡಿದ ಕಾಯಿಲೆಯ ಕಥೆ. ಆಗಸ್ಟಿನ ಮೂರನೆಯ ಶನಿವಾರ ಇಲ್ಲಿ ವುಡ್‌ವರ್ಡ್ ಡ್ರೀಮ್ ಕ್ರೂಸ್ ನಡೆಯುತ್ತದೆ. 1995ರಲ್ಲಿ ಶುರುವಾದ ಈ ಜಾತ್ರೆಯಲ್ಲಿ ವುಡ್‌ವರ್ಡ್ ಅವೆನ್ಯೂ ಉದ್ದಕ್ಕೂ ಹಳೆಯ ಕಾರುಗಳ ಸಾಲು ತೆವಳುತ್ತದೆ. ಬಿಸಿಲು, ನಿಧಾನಗತಿ, ಮುಂದಿನ ಕಾರಿನ ಹೊಗೆ. ಹಳೆಯ ಎಂಜಿನ್ನಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಇಲ್ಲ. ರಾಯಲ್ ಓಕ್ ದಾಟುವಷ್ಟರಲ್ಲಿ ನನ್ನ ಕಾರು ಕೆಮ್ಮಿ ನಿಂತಿತು. ಅರ್ಧ ಗಂಟೆ ತಣ್ಣಗಾಗಲು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಹೊರಟಿತು. ಸುತ್ತ ನೆರೆದವರೆಲ್ಲ ಒಂದೇ ಸ್ವರದಲ್ಲಿ ಹೇಳಿದ್ದು, “ವೇಪರ್ ಲಾಕ್! ಪೆಟ್ರೋಲು ಕೊಳವೆಯಲ್ಲೇ ಆವಿಯಾಗುತ್ತಿದೆ, ಎಲೆಕ್ಟ್ರಿಕ್ ಪಂಪು ಹಾಕಿಸು.” ಒಬ್ಬರಂತೂ ಪಂಪಿನ ಬೆಲೆಯನ್ನೂ ಹೇಳಿದರು.

ಪಂಪು ಕೊಳ್ಳುವ ಮೊದಲು ಒಂದು ಚಿಕ್ಕ ಪರೀಕ್ಷೆ ಇದೆ. ಅದಕ್ಕೆ ಕಾಸೂ ಖರ್ಚಿಲ್ಲ. ಕಾರು ನಿಂತ ಕೂಡಲೇ, ಬಿಸಿ ಇರುವಾಗಲೇ, ಏರ್ ಕ್ಲೀನರ್ ತೆಗೆದು ಕಾರ್ಬ್ಯುರೇಟರಿನ ಬಾಯಿಯೊಳಗೆ ನೋಡುತ್ತ ಥ್ರಾಟಲ್ ಸನ್ನೆಯನ್ನು ಕೈಯಿಂದ ಒಮ್ಮೆ ಎಳೆಯಿರಿ. ಎರಡು ತೆಳುವಾದ ಪೆಟ್ರೋಲ್ ಧಾರೆ ಚಿಮ್ಮಿದರೆ ಕಾರ್ಬ್ಯುರೇಟರಿನ ಬೋಗುಣಿಯಲ್ಲಿ ಇಂಧನ ಇದೆ, ವೇಪರ್ ಲಾಕ್ ಅಲ್ಲ. ನನ್ನದರಲ್ಲಿ ಚೆನ್ನಾಗಿಯೇ ಚಿಮ್ಮಿತು. ಹಾಗಾದರೆ ಕಿಡಿಯನ್ನು ನೋಡಬೇಕು. ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಕಾಯಿಲಿನಿಂದ ಬರುವ ದಪ್ಪ ತಂತಿಯನ್ನು, ಪೆಟ್ರೋಲಿನ ಆವಿಯಿಂದ ದೂರದಲ್ಲಿ, ಪರೀಕ್ಷೆಯ ಪ್ಲಗ್ಗಿಗೆ ಸಿಕ್ಕಿಸಿ ಎಂಜಿನ್ ತಿರುಗಿಸಿದಾಗ ನೀಲಿ ಕಿಡಿ ಚಟಪಟ ಎನ್ನಬೇಕಿತ್ತು. ಕಂಡದ್ದು ಹಳದಿ ಬಣ್ಣದ ಸೊರಗಿದ ಕಿಡಿ.

ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದಾಗ, ಕಾಯಿಲಿನ ವಿದ್ಯುತ್ತನ್ನು ಕಡಿದು ಕೂಡಿಸುವ ಪಾಯಿಂಟುಗಳ ಒಂದು ಮುಖದಲ್ಲಿ ಗುಳಿ, ಇನ್ನೊಂದರಲ್ಲಿ ಅದಕ್ಕೆ ಸರಿಯಾದ ಮೊಡವೆ. ಲೋಹ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರಿ ಕುಳಿತಿತ್ತು. ಇದು, ಪಾಯಿಂಟು ತೆರೆಯುವಾಗ ಅಲ್ಲಿ ಕಿಡಿ ಹಾರದಂತೆ ತಡೆಯುವ ಕಂಡೆನ್ಸರ್ ಕಡೆ ಕೈ ತೋರಿಸುವ ಗುರುತು. ಹಿಂದಿನ ಮಾಲೀಕರು ಮಾರುವ ಮುನ್ನ ಟ್ಯೂನ್ ಅಪ್ ಮಾಡಿಸಿ ಹೊಚ್ಚ ಹೊಸ ಕಂಡೆನ್ಸರ್ ಹಾಕಿಸಿದ್ದರು. ಅದನ್ನು ಬಿಚ್ಚಿ ಮೀಟರಿಗೆ ಜೋಡಿಸಿದಾಗ ತಣ್ಣಗೆ 0.2 ಮೈಕ್ರೋಫ್ಯಾರಡಿಗಿಂತ ತುಸು ಹೆಚ್ಚು, ಅಂದರೆ ಇರಬೇಕಾದಷ್ಟೇ ತೋರಿಸಿತು. ಮಗಳ ಹೇರ್ ಡ್ರೈಯರ್ ತಂದು ಬಿಸಿ ಗಾಳಿ ಊದಿದೆ. ಸಂಖ್ಯೆ ಮೊದಲು ನಡುಗಿತು, ಆಮೇಲೆ ಕುಣಿಯತೊಡಗಿತು, ಕೊನೆಗೆ ಬಿದ್ದೇ ಹೋಯಿತು. ಡ್ರೈಯರ್ ಆರಿಸಿದ ಸ್ವಲ್ಪ ಹೊತ್ತಿಗೆ ಸಾಧುವಿನಂತೆ ಮೊದಲಿನ ಜಾಗಕ್ಕೆ ಬಂದು ನಿಂತಿತು. ವುಡ್‌ವರ್ಡಿನಲ್ಲಿ ಕಾರು ಆಡಿದ ಆಟವೇ ಇದು.

ಬಳಸದೆ ಉಳಿದ ಹಳೆಯ ಸರಕಿನ ಪೆಟ್ಟಿಗೆಯಲ್ಲಿ ಸಿಕ್ಕ ಆಟೋಲೈಟ್ ಕಂಪನಿಯ ಕಂಡೆನ್ಸರನ್ನು ಇದೇ ಡ್ರೈಯರ್ ಪರೀಕ್ಷೆಗೆ ಒಡ್ಡಿ, ಪಾಸಾದ ಮೇಲೆ ಹಾಕಿದೆ. ಆ ಪೆಟ್ಟಿಗೆಗಳ ಬಗ್ಗೆ ಒಂದು ಮಾತು: ಫೋರ್ಡ್ 1961ರಲ್ಲಿ ಆಟೋಲೈಟನ್ನು ಕೊಂಡುಕೊಂಡಿತ್ತು. 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಬಿಟ್ಟುಕೊಡಲೇಬೇಕೆಂದಿತು. ಆಮೇಲಿನ ಫೋರ್ಡ್ ಭಾಗಗಳು ಮೋಟರ್‌ಕ್ರಾಫ್ಟ್ ಹೆಸರಿನಲ್ಲಿ ಬಂದವು. ಆದ್ದರಿಂದ ಪೆಟ್ಟಿಗೆಯ ಮೇಲಿನ ಹೆಸರು ನೋಡಿಯೇ ಸರಕು ಸುಮಾರು ಯಾವ ಕಾಲದ್ದೆಂದು ಊಹಿಸಬಹುದು. ಪೆಟ್ಟಿಗೆ ಹಳೆಯದು ಎಂದ ಮಾತ್ರಕ್ಕೆ ಒಳಗಿನದು ಒಳ್ಳೆಯದೆಂದಲ್ಲ, ಅಳೆಯಲೇಬೇಕು.

ಪಾಯಿಂಟ್ ಕೂರಿಸುವಾಗ, ಅದನ್ನು ತೆರೆಯುವ ಉಜ್ಜುವ ಗಟ್ಟಿ (ಚಿಕ್ಕ ತುಂಡು) ಡಿಸ್ಟ್ರಿಬ್ಯೂಟರಿನ ಕ್ಯಾಮಿನ ಉಬ್ಬಿನ ತುದಿಗೆ ಬರುವಂತೆ ಎಂಜಿನ್ ತಿರುಗಿಸಿ, ಫೀಲರ್ ಗೇಜಿನಿಂದ 0.017 ಇಂಚಿನ ಸಂದು ಬಿಡುತ್ತೇನೆ. ಸ್ಕ್ರೂ ಬಿಗಿ ಮಾಡಿದ ಮೇಲೆ ಮತ್ತೆ ಅಳೆಯಬೇಕು, ಬಿಗಿ ಮಾಡುವಾಗಲೇ ಅದು ಸರಿದಿರುತ್ತದೆ. ಗೇಜಿನ ಎಣ್ಣೆ ಪಾಯಿಂಟಿಗೆ ಮೆತ್ತಿಕೊಂಡಿದ್ದರೆ ಒಂದು ವಿಸಿಟಿಂಗ್ ಕಾರ್ಡನ್ನು ನಡುವೆ ತೂರಿಸಿ ಎಳೆದರೆ ಸಾಕು. ಡ್ವೆಲ್, ಅಂದರೆ ಪಾಯಿಂಟು ಮುಚ್ಚಿರುವಷ್ಟು ಹೊತ್ತು ಕ್ಯಾಮ್ ತಿರುಗುವ ಕೋನ, 26ರಿಂದ 31 ಡಿಗ್ರಿಯೊಳಗೆ ಇರಬೇಕು. ನಾನು 27ರ ಆಸುಪಾಸು ಇಡುತ್ತೇನೆ. ಗಟ್ಟಿ ಸವೆದಂತೆ ಸಂದು ಕಿರಿದಾಗಿ ಡ್ವೆಲ್ ಏರುತ್ತದೆ. ಕೆಳಗಿನ ತುದಿಯಿಂದ ಶುರು ಮಾಡಿದರೆ ಸವೆಯಲು ಅಷ್ಟು ಜಾಗ ಸಿಕ್ಕಂತೆ. ಇದೆಲ್ಲ ಮುಗಿದ ಮೇಲೆಯೇ ಟೈಮಿಂಗ್ (ಕಿಡಿ ಹಾರುವ ಗಳಿಗೆ): ವ್ಯಾಕ್ಯೂಮ್ ಕೊಳವೆ ಕಿತ್ತು, ಬಾಯಿ ಮುಚ್ಚಿ, ಪಿಸ್ಟನ್ ತುತ್ತತುದಿ ಮುಟ್ಟುವುದಕ್ಕಿಂತ 6 ಡಿಗ್ರಿ ಮುಂಚಿತಕ್ಕೆ. ಡ್ವೆಲ್ ಒಂದು ಡಿಗ್ರಿ ಸರಿದರೆ ಟೈಮಿಂಗೂ ಅಷ್ಟೇ ಸರಿಯುವುದರಿಂದ, ಈ ಕ್ರಮ ತಿರುವುಮುರುವು ಆದರೆ ಕೆಲಸ ಎರಡೆರಡು ಸಲ.

ಪಾಯಿಂಟುಗಳನ್ನೇ ಕಿತ್ತು ಡಿಸ್ಟ್ರಿಬ್ಯೂಟರಿನೊಳಗೆ ಎಲೆಕ್ಟ್ರಾನಿಕ್ ಮಾಡ್ಯೂಲ್ ಹಾಕಿ ಎನ್ನುವವರು ಬಹಳ. ತಪ್ಪೇನಿಲ್ಲ. ಆದರೆ ಹಾಕುವವರು ಇಗ್ನಿಷನ್ ಸ್ವಿಚ್ಚಿನಿಂದ ಕಾಯಿಲಿಗೆ ಹೋಗುವ ಗುಲಾಬಿ ಬಣ್ಣದ ತಂತಿಯನ್ನು ಮರೆಯಬಾರದು. ನೋಡಲು ಮಾಮೂಲಿ ತಂತಿಯಾದರೂ ಅದು ರೆಸಿಸ್ಟರ್. ವೋಲ್ಟೇಜ್ ಇಳಿಸಲೆಂದೇ ಇರುವುದು. ಪೂರ್ತಿ 12 ವೋಲ್ಟ್ ಬೇಡುವ ಮಾಡ್ಯೂಲಿಗೆ ಅದರಿಂದ ವಿದ್ಯುತ್ ಕೊಟ್ಟು, ಆಮೇಲೆ ಮಾಡ್ಯೂಲೇ ಸರಿಯಿಲ್ಲ ಎಂದು ಬೈಯುವುದು ನ್ಯಾಯವಲ್ಲ. ನಾನಂತೂ ಪಾಯಿಂಟಿನಲ್ಲೇ ಇದ್ದೇನೆ. ರಸ್ತೆ ಬದಿಯಲ್ಲಿ ಉಗುರು ಉಜ್ಜುವ ಅರದಿಂದಲೂ ಅದನ್ನು ಮನೆ ಮುಟ್ಟಿಸುವಷ್ಟು ಸರಿ ಮಾಡಬಹುದು.

ಹಳೆಯ ಸರಕು ಸಿಗುವ ಜಾಗ ಎಂದರೆ ಪೆನ್ಸಿಲ್ವೇನಿಯಾದ ಸಂತೆಗಳು. ಅಕ್ಟೋಬರಿನಲ್ಲಿ ಹರ್ಷಿ, ಬೇಸಿಗೆಯ ಆರಂಭದಲ್ಲಿ ಕಾರ್ಲೈಲಿನ ಫೋರ್ಡ್ ಮೇಳ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಪ್ಪನ ಅಂಬಾಸಿಡರಿಗೆ ಸಾಮಾನು ಹುಡುಕುತ್ತ ಕಲಿತ ಚೌಕಾಸಿ ಅಲ್ಲಿ ಚೆನ್ನಾಗಿಯೇ ನಡೆಯುತ್ತದೆ, ದನಿ ಮಾತ್ರ ತಗ್ಗಿಸಬೇಕು. ನನ್ನ ಆಟೋಲೈಟ್ 2100 ಕಾರ್ಬ್ಯುರೇಟರ್ ಸಿಕ್ಕಿದ್ದು ಅಂಥದೊಂದು ಸಂತೆಯಲ್ಲಿ, ನೆಲಕ್ಕೆ ಹಾಸಿದ ಟಾರ್ಪಾಲಿನ ಮೇಲೆ. ಹೊರಗಿನ ಕೊಳೆಗೆ ಹೆದರಬೇಕಾಗಿಲ್ಲ. ಥ್ರಾಟಲಿನ ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ ನೋಡಬೇಕು. ಅಲ್ಲಿ ಆಟ ಇದ್ದರೆ ಗಾಳಿ ಸೋರಿ ಐಡ್ಲಿಂಗ್ ಎಂದಿಗೂ ನೆಟ್ಟಗಾಗದು. ಅದನ್ನು ಅಲ್ಲೇ ಬಿಟ್ಟು ಬರುವುದು ಲೇಸು. ಮೈಮೇಲೆ ವೃತ್ತದೊಳಗೆ 1.08 ಎಂಬಂಥ ಅಂಕಿ ಇರುತ್ತದೆ, ಅದು ವೆಂಚುರಿಯ (ಗಾಳಿ ಹಾಯುವ ಕಿರಿದಾದ ಕೊರಳಿನ) ಅಳತೆ, ಇಂಚಿನಲ್ಲಿ. ನಿಮ್ಮ ಎಂಜಿನ್ನಿನದಕ್ಕೆ ಅದು ಹೊಂದಬೇಕು. ಮಾರುತ್ತಿದ್ದ ಅಜ್ಜ ನಾನು ಕಡ್ಡಿ ಅಲ್ಲಾಡಿಸುವುದನ್ನು ನೋಡಿ, “ನಿನಗೆ ಗೊತ್ತಿದೆ, ಹಾಗಾಗಿ ಬೆಲೆ ಇಳಿಸುವುದಿಲ್ಲ” ಎಂದು ನಕ್ಕರು. ಆಮೇಲೆ ಇಳಿಸಿದರು.

ಮನೆಗೆ ತಂದು ಬಿಚ್ಚಿದಾಗ ಹಿತ್ತಾಳೆಯ ತೇಲುಬುರುಡೆಯನ್ನು ಬಿಸಿನೀರಿನಲ್ಲಿ ಮುಳುಗಿಸಿ ಹಿಡಿದೆ. ಗುಳ್ಳೆ ಎದ್ದರೆ ತೂತು ಇದೆ ಎಂದರ್ಥ, ಏಳಲಿಲ್ಲ. ಬೋಗುಣಿಯ ಅಡಿಯಲ್ಲಿರುವ, ಎಂಜಿನ್ನಿಗೆ ಭಾರ ಬಿದ್ದಾಗ ಹೆಚ್ಚು ಪೆಟ್ರೋಲು ಬಿಡುವ ಪವರ್ ವಾಲ್ವಿನ ಪರದೆ ಮಾತ್ರ ಹರಿದಿತ್ತು. ಎಂಜಿನ್ ಪೆಟ್ರೋಲು ಕುಡಿಯುತ್ತದೆ, ಕಪ್ಪು ಹೊಗೆ ಬಿಡುತ್ತದೆ ಎನ್ನುವವರು ಮೊದಲು ಅಲ್ಲಿ ನೋಡಲಿ. ಒಂದು ಗ್ಯಾಸ್ಕೆಟ್ ಕಿಟ್, ಒಂದು ಪವರ್ ವಾಲ್ವ್. ಅಷ್ಟರಲ್ಲೇ ಅದು ಇಂದಿಗೂ ನಡೆಯುತ್ತಿದೆ.

ಈಗ ರಬ್ಬರಿನ ವಿಷಯ. ಇಲ್ಲಿನ ಬಂಕುಗಳ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇ 10ರ ತನಕ ಎಥನಾಲ್ ಇರುತ್ತದೆ, ಅದು ಹಳೆಯ ರಬ್ಬರ್ ಕೊಳವೆಯನ್ನು ಒಳಗಿನಿಂದ ಮೆತ್ತಗಾಗಿಸುತ್ತದೆ. ಎಥನಾಲ್ ತಾಳುವ, ಮೈಮೇಲೆ 30ಆರ್9 ಎಂದು ಅಚ್ಚಾದ ಕೊಳವೆಯನ್ನೇ ಹಾಕಿ. ಡಿಕ್ಕಿಯಲ್ಲಿ ಪೆಟ್ರೋಲ್ ವಾಸನೆ ಬಂದರೆ ಟ್ಯಾಂಕಿಗೂ ತುಂಬುವ ನಳಿಗೂ ನಡುವಿನ ರಬ್ಬರ್ ತುಂಡನ್ನು ನೋಡಿ. ಈ ಕಾರಿನಲ್ಲಿ ಟ್ಯಾಂಕಿನ ಮೇಲ್ಭಾಗವೇ ಡಿಕ್ಕಿಯ ನೆಲ, ಅಲ್ಲಿನ ಸೋರಿಕೆಗೂ ಹಿಂದಿನ ಸೀಟಿಗೂ ನಡುವೆ ಹೇಳಿಕೊಳ್ಳುವಂಥ ಅಡ್ಡಗೋಡೆ ಇಲ್ಲ.

ಬ್ರೇಕಿನಲ್ಲಿ ಮೂಲ ಭಾಗದ ಮೇಲಿನ ಮೋಹ ನನಗಿಲ್ಲ. 1966ರ ಮಸ್ಟಾಂಗಿನ ಮಾಸ್ಟರ್ ಸಿಲಿಂಡರ್ (ಪೆಡಲು ತುಳಿದಾಗ ಬ್ರೇಕ್ ದ್ರವವನ್ನು ಚಕ್ರಗಳಿಗೆ ತಳ್ಳುವುದು) ಒಂದೇ ಕೋಣೆಯದು. ನಾಲ್ಕು ಚಕ್ರಗಳ ಪೈಕಿ ಎಲ್ಲಿ ಕೊಳವೆ ಒಡೆದರೂ ಪೆಡಲು ನೆಲ ಮುಟ್ಟುತ್ತದೆ. 1967ರ ಮಾದರಿಯಿಂದ ಮುಂದಕ್ಕೂ ಹಿಂದಕ್ಕೂ ಬೇರೆ ಬೇರೆ ಕೋಣೆಗಳು ಬಂದವು. ನಾನು ಡ್ರಮ್ ಬ್ರೇಕಿಗೆ ಸರಿಯಾದ ಎರಡು ಕೋಣೆಯ ಸಿಲಿಂಡರ್ ಹಾಕಿ, ಹಿಂದಿನ ಚಕ್ರಗಳಿಗೆ ಪ್ರತ್ಯೇಕ ಕೊಳವೆ ಎಳೆದೆ. ತಾಮ್ರ-ನಿಕಲ್ ಕೊಳವೆ ಕೈಗೆ ಬಗ್ಗುತ್ತದೆ, ತುಕ್ಕು ಹಿಡಿಯುವುದಿಲ್ಲ. ತುದಿಯನ್ನು ಮಾತ್ರ ಡಬಲ್ ಫ್ಲೇರ್ ಮಾಡಬೇಕು, ಅಂದರೆ ಅಗಲಿಸಿ ಎರಡು ಪದರವಾಗಿ ಮಡಚಬೇಕು. ಮುಂದೆ ಎರಡು, ಹಿಂದೆ ಒಂದು ರಬ್ಬರ್ ಹೋಸನ್ನೂ ಹೊಸದು ಮಾಡಿದೆ. ಡ್ರಮ್ ಬಿಚ್ಚುವವರು ಒಂದು ಬದಿಯ ಕೆಲಸ ಮುಗಿಸಿಯೇ ಇನ್ನೊಂದು ಬದಿಗೆ ಕೈ ಹಾಕಲಿ, ಜೋಡಣೆ ಮರೆತರೆ ನೋಡಲು ಅದೊಂದು ಉಳಿದಿರುತ್ತದೆ. ಚಿಕ್ಕ ಲೈನಿಂಗಿನ ಶೂ ಮುಂದಕ್ಕೆ, ಉದ್ದನೆಯದು ಹಿಂದಕ್ಕೆ. ಹಲ್ಲುಚಕ್ರದ ಅಡ್ಜಸ್ಟರಿನಲ್ಲಿ ಎಡದ್ದು ಬೇರೆ, ಬಲದ್ದು ಬೇರೆ. ಅದಲು ಬದಲಾದರೆ ಬ್ರೇಕ್ ಬಿಗಿಯಾಗುವ ಬದಲು ಸಡಿಲವಾಗುತ್ತ ಹೋಗುತ್ತದೆ.

ಇದೆಲ್ಲಕ್ಕಿಂತ ದೊಡ್ಡ ಶತ್ರು ತುಕ್ಕು. ಡೆಟ್ರಾಯಿಟ್ ನಗರದ ಕೆಳಗೆ ಸುಮಾರು 1,200 ಅಡಿ ಆಳದಲ್ಲಿ ಉಪ್ಪಿನ ಗಣಿಯೇ ಇದೆ, ಚಳಿಗಾಲದಲ್ಲಿ ರಸ್ತೆಗೆ ಸುರಿಯುವುದೂ ಉಪ್ಪೇ. ಮಿಷಿಗನ್ನಿನಲ್ಲಿ ಬಾಳಿದ ಮಸ್ಟಾಂಗ್ ಕೊಳ್ಳುವವರು ಬಣ್ಣಕ್ಕೆ ಮರುಳಾಗದೆ ಒಂದು ಚೊಂಬು ನೀರು ಕೇಳಿ ಪಡೆಯಲಿ. ಮುಂದಿನ ಗಾಜಿನ ಬುಡದ ಜಾಲರಿಗೆ ಅದನ್ನು ನಿಧಾನವಾಗಿ ಸುರಿದು, ಇನ್ನೊಬ್ಬರು ಡ್ಯಾಶ್‌ಬೋರ್ಡಿನ ಕೆಳಗೆ ಟಾರ್ಚ್ ಹಿಡಿದು ನೋಡಲಿ. ನೀರು ಎರಡೂ ಬದಿಯ ರಂಧ್ರಗಳಿಂದ ಹೊರಗೆ ಇಳಿದರೆ ಸರಿ. ಕಾಲಿಡುವ ಜಾಗಕ್ಕೆ ತೊಟ್ಟಿಕ್ಕಿದರೆ ಒಳಗಿನ ಗಾಳಿಗಿಂಡಿಯ ಸುತ್ತ ಲೋಹ ತಿಂದುಹೋಗಿದೆ. ಅದನ್ನು ಸರಿಪಡಿಸಲು ಮೇಲಿನ ತಗಡಿನ ಸ್ಪಾಟ್ ವೆಲ್ಡುಗಳನ್ನೆಲ್ಲ ಕೊರೆದು ಎತ್ತಬೇಕು. ಕಾರ್ಪೆಟ್ಟಿನ ಕೆಳಗಿನ ನೆಲದ ತಗಡನ್ನು ಬದಲಿಸಿದ್ದೇವೆ ಎಂದು ಹೆಮ್ಮೆಯಿಂದ ತೋರಿಸುವವರನ್ನು ಮೊದಲು ಕೇಳಬೇಕಾದದ್ದು, ಮೇಲಿನ ಸೋರಿಕೆ ನಿಲ್ಲಿಸಿದ್ದೀರಾ ಎಂದು. ಬೆರಳಿಗೆ ಅಂಟುವ, ಸಿಹಿ ವಾಸನೆಯ ತೇವವಾದರೆ ಅದು ಮಳೆನೀರಲ್ಲ, ಹೀಟರಿನ ಕೂಲಂಟ್. ಅದನ್ನು ಸರಿಪಡಿಸುವ ಖರ್ಚು ಬಹಳ ಕಡಿಮೆ.