ಜಾಮೀನಾಗಿದೆ, ಹುಡುಗ ಮಾತ್ರ ಒಳಗೇ

ಕೇಸಿನಲ್ಲಿ ಸಿಕ್ಕ ಹುಡುಗರನ್ನು ವಿಚಾರಣೆ ಕಾಲದಲ್ಲಿ ಇರಿಸುವ ಬಾಲಕರ ವೀಕ್ಷಣಾಲಯದ ಕಷ್ಟ ಅಂದರೆ ಎಲ್ಲರೂ ಊಟ, ಹಾಸಿಗೆ, ಸಿಬ್ಬಂದಿ ಕೊರತೆ ಅಂತ ಶುರು ಮಾಡುತ್ತಾರೆ. ಅವೂ ಇವೆ, ಸುಳ್ಳಲ್ಲ. ಪ್ರೊಬೇಷನ್ ಆಫೀಸರ್ ಆಗಿ ನಾನು ಹೆಚ್ಚು ಹೆಣಗಿದ್ದು ಮಾತ್ರ ಜಾಮೀನು ಆದೇಶವಾದ ಮೇಲೂ ಒಳಗೇ ಉಳಿಯುವ ಹುಡುಗರಿಗಾಗಿ.

2015ರ ಬಾಲನ್ಯಾಯ ಕಾಯ್ದೆಯ 12ನೇ ಕಲಂ ಉದಾರವಾಗಿದೆ. ಇಂಥ ಕೇಸು ನೋಡುವ ಬಾಲನ್ಯಾಯ ಮಂಡಳಿ ಶ್ಯೂರಿಟಿ, ಅಂದರೆ ಹೊಣೆ ನಿಲ್ಲುವ ಜಾಮೀನುದಾರ, ಇಲ್ಲದೆಯೂ ಬಿಡಬಹುದು, ನಮ್ಮ ನಿಗಾದಲ್ಲೂ ಬಿಡಬಹುದು. ಆದರೆ ಕರೆದೊಯ್ಯಲು ಯಾರಾದರೂ ಬರಬೇಕಲ್ಲ?

ಮೊಬೈಲ್ ಕಳವಿನ ಕೇಸಿನ ಹುಡುಗನೊಬ್ಬನ ತಾಯಿಯನ್ನು ಹುಡುಕಿಕೊಂಡು ಬೆಂಗಳೂರಿನ ಅಂಚಿನಲ್ಲಿರುವ ಕಟ್ಟಡ ಕಾರ್ಮಿಕರ ಶೆಡ್ಡಿಗೆ ಹೋದೆ. ಯಾದಗಿರಿ ಕಡೆಯವರು. ಮೇಸ್ತ್ರಿ ಎದುರು ಕೇಸಿನ ಸುದ್ದಿ ಎತ್ತಲಿಲ್ಲ. ಹುಡುಗನ ಗುರುತು ಹೊರಬೀಳಬಾರದು ಅನ್ನುವುದು ಕಾನೂನು, ಮೇಲಾಗಿ ಆ ಸಂಸಾರಕ್ಕೆ ಶೆಡ್ಡೂ ತಪ್ಪೀತು. ಆಕೆ ತಗಡಿನ ಮರೆಗೆ ಬಂದು, "ಪಹಣಿ ಇಲ್ಲದ ಬಿಡಲ್ಲಂತ್ರೀ ಸರ. ನಮಗ ಹೊಲ ಎಲ್ಲದ?" ಅಂದರು. ಕೋರ್ಟ್ ಬಾಗಿಲಲ್ಲಿ ಯಾರೋ ಹಾಗೆ ಹೇಳಿ, ಶ್ಯೂರಿಟಿ ಕೊಡಿಸಲು ದುಡ್ಡನ್ನೂ ಕೇಳಿದ್ದರು. "ಪಹಣಿ ಬ್ಯಾಡ್ರೀ ಅಮ್ಮಾ, ನಿಮ್ಮ ಆಧಾರ್ ಹಿಡ್ಕೊಂಡು ನೀವು ಬರ್ರಿ, ಮಂಡಳಿ ಮುಂದೆ ನಾ ಹೇಳ್ತೀನಿ" ಅಂದೆ. ಒಂದು ದಿನದ ಪಗಾರ ಹೋಗುತ್ತದೆಂದು ಲೆಕ್ಕ ಹಾಕುತ್ತಲೇ ಒಪ್ಪಿದರು.

ಜಾಮೀನಿನ ಷರತ್ತು ಪೂರೈಸಲಾಗದೆ ಏಳು ದಿನ ಕಳೆದರೆ ಹುಡುಗನನ್ನು ಮತ್ತೆ ಮಂಡಳಿ ಮುಂದೆ ತರಬೇಕು, ಷರತ್ತು ಬದಲಿಸಲು. ಇದು ಅದೇ ಕಲಂನಲ್ಲಿದೆ. ಯಾರೂ ನೆನಪಿಸದಿದ್ದರೆ ಕಡತದೊಳಗೇ ಮಲಗಿರುತ್ತದೆ. ನಾನು ಆ ತಾಯಿಯ ಕೂಲಿ, ಬಾಡಿಗೆ ಕಾಗದವೂ ಇಲ್ಲದ ವಾಸ, ಎಲ್ಲವನ್ನೂ ಬರೆದುಕೊಟ್ಟೆ. ಶ್ಯೂರಿಟಿ ಷರತ್ತು ಹೋಯಿತು, ಹುಡುಗ ನನ್ನ ನಿಗಾದಲ್ಲಿ ಬಿಡುಗಡೆಯಾದ.

ಹುಡುಗನ ಮನೆ, ಹಿನ್ನೆಲೆ ವಿಚಾರಿಸಿ ನಾವು ಮಂಡಳಿಗೆ ಕೊಡುವ ಸಾಮಾಜಿಕ ತನಿಖಾ ವರದಿಗೆ ಕಾಯ್ದೆ ಕೊಡುವುದು ಹದಿನೈದು ದಿನ. ಮನೆಗೆ ಹೋಗದೆ, ಠಾಣೆಯವರು ಕೊಟ್ಟದ್ದನ್ನೇ ತಿರುವಿ ಬರೆದ ವರದಿಗಳನ್ನು ಕಂಡಿದ್ದೇನೆ. "ತಂದೆ ಕುಡುಕ, ಸಹವಾಸ ಕೆಟ್ಟದ್ದು" ಅಂತ ಎರಡೇ ಸಾಲು. ಅದನ್ನೋದಿ ಮಂಡಳಿಯವರು ತಾನೆ ಏನು ತೀರ್ಮಾನ ಮಾಡಿಯಾರು? ನಾನಂತೂ, ಹುಡುಗನಿಗೆ ಶಾಲೆ ಬಿಡಿಸಿದ್ದು ಯಾರು, ಯಾವ ಸುಗ್ಗಿಯಲ್ಲಿ ಊರು ಬಿಟ್ಟರು, ಸಂಜೆ ಹೊತ್ತು ಮನೆಯಲ್ಲಿ ಯಾರಿರುತ್ತಾರೆ ಎಂದು ಕೇಳಿ ಬರೆಯುತ್ತೇನೆ. ವಯಸ್ಸಿನ ದಾಖಲೆಗೆ ಊರಿನ ಹೆಡ್‌ಮಾಸ್ಟರಿಗೆ ನಾನೇ ಫೋನ್ ಮಾಡಿ ದಾಖಲಾತಿ ರಿಜಿಸ್ಟರಿನ ನಕಲು ತರಿಸುತ್ತೇನೆ. ಮೂಳೆ ಪರೀಕ್ಷೆ ಬೇರೇನೂ ಸಿಗದಿದ್ದಾಗ ಮಾತ್ರ.

ಈಗ ಜಾಮೀನಾದ ದಿನವೇ ಮನೆಯವರ ನಂಬರಿಗೆ ಕರೆ ಮಾಡಿ ಪಹಣಿಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಶೆಡ್ಡುಗಳಿಗೆ ಓಡಾಡಲು ಇಲಾಖೆಯ ಗಾಡಿ ಕೇಳಿದ್ದೆ. ಇನ್ನೂ ಬಸ್ಸೇ.