ಕಾಲು ನೆನೆದ ಮೇಲೆ

ದೇವರ ಕರೆ ಅಂತ ನಂಬಿ, ಹಾಸಿಗೆ ಹಿಡಿದವರ ಆರೈಕೆಗಾಗಿ ಕೆಲಸ ಬಿಟ್ಟು ಹತ್ತಿರ ಹತ್ತಿರ ಮೂರು ವರ್ಷವಾಯಿತು. ‘ಆರು ತಿಂಗಳಲ್ಲಿ ವಾಪಸ್ ಬರ್ತೀಯ, ನೋಡು’ ಅಂದವರೇ ಈಗ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಪ್ರಾರ್ಥನೆ ಮಾಡುವುದು ನಿಮಗೆ ಗೊತ್ತೇ ಇದೆ. ಅದನ್ನು ಬಿಟ್ಟು ಮುಂದಕ್ಕೆ ಹೋಗುತ್ತೇನೆ.

ಮೊದಲ ಸಲ ಮುಗ್ಗರಿಸಿದ್ದೆ. ಹಾಸಿಗೆ ಹಿಡಿದವರನ್ನು ಅವರ ಮನೆಗೇ ಹೋಗಿ ನೋಡಿಕೊಳ್ಳಲು ದೇವರು ಕರೆಯುತ್ತಿದ್ದಾನೆ ಅನ್ನಿಸಿತ್ತು. ಒಂದು ಪ್ರಾರ್ಥನಾ ಕೂಟದಲ್ಲಿ ಗಳಗಳ ಅತ್ತೆ, ಮರುದಿನವೇ ರಾಜೀನಾಮೆ. ಕೈಯಲ್ಲಿದ್ದದ್ದು ನಾಲ್ಕು ತಿಂಗಳ ಖರ್ಚು. ಐದನೇ ತಿಂಗಳು ಸಾಲ. ಏಳನೇ ತಿಂಗಳು ಬೇರೆ ಕಡೆ ಸೇರಿದೆ, ಸಂಬಳ ಮೊದಲಿಗಿಂತ ಕಾಲು ಭಾಗ ಕಡಿಮೆ. ಹೆಂಡತಿ ಒಂದು ಮಾತೂ ಆಡಲಿಲ್ಲ. ಅದೇ ಜಾಸ್ತಿ ಚುಚ್ಚಿತು. ಸಾಲ ತೀರಿಸಲು ಒಂದೂವರೆ ವರ್ಷ ಹಿಡಿಯಿತು.

ಆಮೇಲೆ ಉಲ್ಟಾ ತಪ್ಪು. ದಾರಿಯೆಲ್ಲ ತೋರಿಸು, ಆಮೇಲೆ ಹೊರಡ್ತೀನಿ ಅಂತ ಕೂತೆ. ಬೈಬಲಿನ ಗಿದ್ಯೋನ ಕಣದಲ್ಲಿ ಉಣ್ಣೆ ಹಾಸಿ ದೇವರಿಂದ ಗುರುತು ಕೇಳಿದ್ದ. ಅವನ ಹಾಗೆ ನಾನೂ ಉಣ್ಣೆ ಹಾಸಿದೆ, ನಗಬೇಡಿ: ಈ ವಾರ ಮೂರು ಜನ ತಾವಾಗಿಯೇ ಈ ವಿಷಯ ಎತ್ತಬೇಕು. ಇಬ್ಬರು ಎತ್ತಿದರು. ಮೂರನೆಯವನ ಬಾಯಿ ನಾನೇ ಬಿಡಿಸಿದೆ! ಅಲ್ಲಿಗೆ ಉಣ್ಣೆ ಮಡಚಿಟ್ಟೆ.

ಕೊನೆಗೆ ಹಿಡಿದದ್ದು ಬೈಬಲಿನ ಯೆಹೋಶುವನ ಪುಸ್ತಕದ 3ನೇ ಅಧ್ಯಾಯ. ಸುಗ್ಗಿ ಕಾಲ, ಇಸ್ರಾಯೇಲ್ ಜನ ದಾಟಬೇಕಾದ ಯೊರ್ದನ್ ಹೊಳೆ ದಡ ಮೀರಿ ಹರಿಯುತ್ತಿದೆ. ಮುಂದೆ ನಡೆದ ಯಾಜಕರ ಕಾಲು ನೆನೆದ ಮೇಲೆಯೇ ನೀರು ನಿಂತದ್ದು. ಇದು ಎಲ್ಲರಿಗೂ ಗೊತ್ತು. ನಾನು ಎಷ್ಟು ಸಲ ಓದಿದರೂ ಗಮನಿಸದ್ದು ಅದಕ್ಕಿಂತ ಮೊದಲಿನ ಮಾತು. ಜನ ಆ ಹೊಳೆಯ ಹತ್ತಿರ ಮೂರು ದಿನ ತಂಗಿದ್ದರು.

ನಾನೂ ತಂಗಿದೆ. ಕೆಲಸ ಬಿಡದೆ, ಶನಿವಾರಗಳಲ್ಲಿ ಹೋಗಿ ರೋಗಿಯನ್ನು ನೋಡಿಕೊಳ್ಳಲು ಒಂದು ಮನೆ ಒಪ್ಪಿಕೊಂಡೆ. ನೋಟ್‌ಬುಕ್ಕಿನಲ್ಲಿ ಎಡಕ್ಕೆ ‘ಗೊತ್ತಿರುವುದು’, ಬಲಕ್ಕೆ ‘ಗೊತ್ತಿಲ್ಲದ್ದು’. ಎಡಗಡೆಯ ಕೊನೆಯ ಸಾಲಿನಲ್ಲಿ ಏನಿದೆಯೋ ಅಷ್ಟೇ ಮಾಡುವುದು. ಎರಡನೇ ಮನೆ ಬಂತು, ಮೂರನೆಯದೂ ಬಂತು. ಹತ್ತು ತಿಂಗಳ ಖರ್ಚು ಕೂಡಿದಾಗ ರಾಜೀನಾಮೆ ಕೊಟ್ಟೆ. ‘ದುಡ್ಡು ಇಟ್ಟುಕೊಂಡವನದ್ದು ಎಂಥ ನಂಬಿಕೆ?’ ಅಂದರು ಕೆಲವರು. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುತ್ತಾನಲ್ಲವೇ ಅಂದವನು ಯೇಸುವೇ ಅಲ್ವಾ?

ನಡುವೆ ಇನ್ನೊಂದು ಪ್ರಯೋಗ. ಕ್ರೈಸ್ತ ಬೋಧಕ ಜಾರ್ಜ್ ಮುಲ್ಲರ್ 1836ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಅನಾಥಾಲಯ ಶುರು ಮಾಡಿ, ಮನುಷ್ಯರ ಮುಂದೆ ಕೈ ಚಾಚದೆ ದೇವರನ್ನಷ್ಟೇ ಕೇಳಿ ನಡೆಸಿದರು. ನಾನೂ ಮೂರು ತಿಂಗಳು ಯಾರಿಗೂ ಕಷ್ಟ ಹೇಳಲಿಲ್ಲ. ಎರಡು ತಿಂಗಳು ಹೇಗೋ ಸರಿಹೋಯಿತು, ಮೂರನೆಯದರಲ್ಲಿ ಬಾಡಿಗೆ ಬಾಕಿ. ‘ಬಾಯಲ್ಲಿ ಕೇಳಲ್ಲ, ಆದ್ರೆ ಮುಖದಲ್ಲೇ ಕೇಳ್ತಾ ತಿರುಗ್ತೀರಲ್ಲ’ ಅಂದಳು ಹೆಂಡತಿ. ಬಿಟ್ಟೆ. ಮುಲ್ಲರ್ ಅವರಿಂದ ಉಳಿಸಿಕೊಂಡದ್ದು ಬಂದದ್ದನ್ನೆಲ್ಲ ಬರೆದಿಡುವ ಅಭ್ಯಾಸ ಮಾತ್ರ.

ಹೊಸ ಮನೆ ಒಪ್ಪಿಕೊಳ್ಳುವ ಮೊದಲು ದೇವರ ಮುಂದೆ ಎರಡು ಪ್ರಶ್ನೆ ಇಡುತ್ತೇನೆ. ಅವು ನನ್ನ ಹತ್ತಿರವೇ ಇರಲಿ.

ಈಗ ಹನ್ನೊಂದೋ ಹನ್ನೆರಡೋ ಮನೆಗಳಿವೆ. ವರಮಾನ ಹಳೆ ಸಂಬಳದ ಮುಕ್ಕಾಲಿಗಿಂತ ಸ್ವಲ್ಪ ಮೇಲೆ. ಕೂಡಿಟ್ಟದ್ದರಲ್ಲಿ ಸುಮಾರು ಮೂರು ತಿಂಗಳಿನದು ಕರಗಿತ್ತು, ಮತ್ತೆ ತುಂಬಿದೆ. ಮೊನ್ನೆ ಒಂದು ಮನೆಯವರು ರಾತ್ರಿಯೂ ಇರ್ತೀರಾ ಅಂದರು. ಸದ್ಯಕ್ಕೆ ಬಲಗಡೆ ಬರೆದಿದ್ದೇನೆ.