ರೆಕ್ಕೆ ಅಂಟಿಸುವ ಮುಂಚೆ ದಾರ ಹಿಡಿದು ನೋಡಿ

ಕಿಟ್ ತಂದು ಬಾಲ್ಸಾ ಅನ್ನೋ ಹಗುರ ಮರದ ಮಾದರಿ ವಿಮಾನ ಕಟ್ಟುವವರಿಗೆ ಒಂದು ಮಾತು. ನಮ್ಮ ಕಾರವಾರದ ಮಳೆಗಾಲಕ್ಕೆ ಬಾಲ್ಸಾ ತೇವ ಹೀರಿ ತಿರುಚಿಕೊಳ್ಳುತ್ತದೆ.

ರೆಕ್ಕೆಯನ್ನು ಅಡುಗೆಮನೆಯ ಗ್ರಾನೈಟ್ ಕಟ್ಟೆ ಮೇಲಿಡಿ. ಬಗ್ಗಿ, ಹಿಂದಿನ ಅಂಚನ್ನು ಬುಡದಿಂದ ತುದಿವರೆಗೆ ನೋಡಿ. ಒಂದೇ ತುದಿಯಲ್ಲಿ ಆ ಅಂಚು ಎದ್ದಿದ್ದರೆ ವಿಮಾನ ಆ ಕಡೆಗೇ ವಾಲುತ್ತದೆ. ಎರಡೂ ಸಮನಾಗಿ ಎದ್ದಿದ್ದರೆ ಪ್ಲಾನ್ ನೋಡಿ, ಕೆಲವು ಕಿಟ್‌ಗಳಲ್ಲಿ ಅದು ಬೇಕಂತಲೇ ಇರುತ್ತದೆ.

ಆಮೇಲೆ ದಾರ. ರೆಕ್ಕೆಯನ್ನು ಅಂಟಿಸದೆ ವಿಮಾನದ ಮೈಮೇಲೆ ಕೂರಿಸಿ. ಬಾಲದ ನಡುವೆ ಗುಂಡುಪಿನ್ನು ಚುಚ್ಚಿ, ಹಿಗ್ಗದ ದಾರ ಕಟ್ಟಿ, ಎರಡೂ ರೆಕ್ಕೆ ತುದಿಗೆ ಎಳೆದು ಅಳೆಯಿರಿ. ಮೊನ್ನೆ ನನ್ನದರಲ್ಲಿ 4 ಮಿ.ಮೀ. ವ್ಯತ್ಯಾಸ ಬಂತು. ಇನ್ನೂ ಅಂಟಿಸಿರಲಿಲ್ಲ, ಸರಿಸಿದರೆ ಸಾಕಾಯ್ತು.

ತಿರುಚು ಇದ್ದರೆ ಕುದಿಯುವ ನೀರಿನ ಹಬೆ ತೋರಿಸಿ. ಎದುರು ದಿಕ್ಕಿಗೆ ತುಸು ಜಾಸ್ತಿಯೇ ತಿರುಚಿ, ತೂಕ ಹೇರಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮತ್ತೆ ಅಳೆಯಿರಿ.